ಪೆಟ್ಟಿಗೆಯ ಬೆನ್ನಿನ ಕಿಂಡಿ

ಯಂತ್ರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದರ ಮುಖವನ್ನು ನೋಡಿ ಬರೆಯುತ್ತಾರೆ. ದೂರದರ್ಶನದ ಪೆಟ್ಟಿಗೆಯ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಕಪ್ಪು ಬಿಳುಪಿನ ಚಿತ್ರ ಬಂದದ್ದು, ಬಣ್ಣ ಬಂದದ್ದು, ಪೆಟ್ಟಿಗೆ ತೆಳುವಾಗಿ ಗೋಡೆಯನ್ನೇರಿದ್ದು, ಇವೆಲ್ಲ ಮುಖದ ಕಥೆ. ಆದರೆ ಪೆಟ್ಟಿಗೆಗೊಂದು ಬೆನ್ನೂ ಉಂಟು; ಆ ಬೆನ್ನಿನಲ್ಲಿ ಕೆಲವು ಕಿಂಡಿಗಳುಂಟು. ಮುಂದಿನ ತೆರೆ ಪರರು ಕಳುಹಿಸಿದ್ದನ್ನು ನಮಗೆ ತೋರಿಸುತ್ತದೆ; ಹಿಂದಿನ ಕಿಂಡಿ ನಾವು ತಂದದ್ದನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಆ ಕಿಂಡಿಯ ಬೀಗದ ಕೈ ಕಾಲಕಾಲಕ್ಕೆ ಯಾರ ಸೊಂಟದಲ್ಲಿತ್ತು ಎಂಬುದು ತಿಳಿದುಕೊಳ್ಳತಕ್ಕ ಸಂಗತಿ.

ಮೊದಲು ಬಾನುಲಿಯಿಂದ ಆರಂಭಿಸೋಣ. ಹಳೆಯ ವಾಲ್ವ್ ರೇಡಿಯೋಗಳ ಹಿಂಬದಿಯ ಹಲಗೆಯಲ್ಲಿ, ಏರಿಯಲ್ ತಂತಿಯ ಜಾಗದ ಪಕ್ಕದಲ್ಲಿ, ಗ್ರಾಮಫೋನಿನ ತಂತಿಗಾಗಿ ಎರಡು ತೂತುಗಳಿರುತ್ತಿದ್ದವು. ಸಂಗೀತದ ತಟ್ಟೆಗಳನ್ನು ಕೊಂಡಿದ್ದವರು ಆ ತೂತಿಗೆ ತಂತಿ ಸಿಕ್ಕಿಸಿ ರೇಡಿಯೋದ ದೊಡ್ಡ ಧ್ವನಿಯಲ್ಲಿ ತಮಗೆ ಬೇಕಾದ ಹಾಡನ್ನು ಕೇಳುತ್ತಿದ್ದರು. ಗ್ರಾಮಫೋನನ್ನು ರೇಡಿಯೋಗೆ ಜೋಡಿಸಲೆಂದು ಅಮೆರಿಕದ ಆರ್‌ಸಿಎ ಕಂಪನಿ ರೂಪಿಸಿದ ಪುಟ್ಟ ದುಂಡು ಪಿನ್ನೇ ಮುಂದೆ ಹಳದಿ, ಕೆಂಪು, ಬಿಳಿ ಬಣ್ಣ ತಳೆದು ಟಿ.ವಿ.ಯ ಬೆನ್ನಿಗೂ ಬಂದು ಕುಳಿತಿತು.

ಆ ದಿನಗಳಲ್ಲಿ ಬೀಗದ ಕೈ ಸರ್ಕಾರದ ಬಳಿ ಇತ್ತು. ೧೯೩೩ರ ಕಾನೂನಿನಂತೆ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳುವುದಕ್ಕೂ ಲೈಸೆನ್ಸು ಬೇಕು. ಅದಕ್ಕಾಗಿ ಅಂಚೆ ಕಚೇರಿಯಲ್ಲಿ ಹಣ ಕಟ್ಟಬೇಕು. ಈ ಪದ್ಧತಿ ಹೋದದ್ದು ೧೯೮೦ರ ದಶಕದಲ್ಲಿ. ಆದರೂ ಆ ಕಟ್ಟುಪಾಡಿನ ನಡುವೆಯೇ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಿಂದಲೇ, ಮೂವತ್ತು ವಾಟಿನ ಯಂತ್ರದಿಂದ, ಬಾನುಲಿ ಪ್ರಸಾರ ನಡೆಸಿದರು. ಅದಕ್ಕಿಟ್ಟ ಆಕಾಶವಾಣಿ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಬಂತು. ಮೈಸೂರಿನ ಆ ನಿಲಯ ೧೯೫೫ರಲ್ಲಿ ಬೆಂಗಳೂರಿಗೆ ಬಂದದ್ದು ಹಿರಿಯರಿಗೆ ನೆನಪಿರಬಹುದು. ದೂರದ ಊರುಗಳ ಭಾಷೆಗಳು ಮೊರೆಯುತ್ತಿದ್ದ ಪೆಟ್ಟಿಗೆಯೊಳಕ್ಕೆ ಒಬ್ಬ ಅಧ್ಯಾಪಕರು ತಮ್ಮೂರಿನ ಧ್ವನಿಯನ್ನೂ ಸೇರಿಸಿದರು. ಇದು ಸಣ್ಣ ಕೆಲಸವಲ್ಲ.

ಇನ್ನು ದೂರದರ್ಶನದ ಮಾತು. ದೆಹಲಿಯಲ್ಲಿ ಅದು ೧೯೫೯ರಲ್ಲಿಯೇ ಆರಂಭವಾಯಿತು. ಕರ್ನಾಟಕದಲ್ಲಿ ಅದನ್ನು ಮೊದಲು ಕಂಡವರು ಬೆಂಗಳೂರಿನ ಶ್ರೀಮಂತರೆಂದು ಯಾರಾದರೂ ಊಹಿಸಿದರೆ ಆ ಊಹೆ ತಪ್ಪು. ೧೯೭೫ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಎಟಿಎಸ್-೬ ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಚಿತ್ರ ಕಳುಹಿಸುವ ಪ್ರಯೋಗ ನಡೆಯಿತು. ನಮ್ಮ ಪಾಲಿಗೆ ಬಂದವು ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಸಾಧಾರಣ ಟಿ.ವಿ. ಉಪಗ್ರಹದ ಅಲೆಯನ್ನು ತಾನಾಗಿ ಹಿಡಿಯಲಾರದು. ಆದ್ದರಿಂದ ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಹತ್ತು ಅಡಿ ಅಗಲದ ಬೋಗುಣಿಯೊಂದನ್ನು ಮಾಡಿ ನಿಲ್ಲಿಸಿದರು, ಅಲೆಯನ್ನು ಟಿ.ವಿ.ಗೆ ಒಗ್ಗುವಂತೆ ಮಾರ್ಪಡಿಸುವ ಇನ್ನೊಂದು ಯಂತ್ರವನ್ನು ಪೆಟ್ಟಿಗೆಗೆ ಜೋಡಿಸಿದರು. ಕನ್ನಡದ ಮಾತು ಆ ಹಳ್ಳಿಗಳ ಪೆಟ್ಟಿಗೆಯನ್ನು ಹೊಕ್ಕದ್ದು ಹೀಗೆ, ಬೆನ್ನಿಗೆ ಹಚ್ಚಿದ ಹೆಚ್ಚುವರಿ ಯಂತ್ರದ ಮೂಲಕ. ರಾಜಧಾನಿಯಾದ ಬೆಂಗಳೂರಿಗೆ ದೂರದರ್ಶನ ಬಂದದ್ದು ೧೯೮೧ರಲ್ಲಿ.

ಮರುವರ್ಷ, ೧೯೮೨ರಲ್ಲಿ, ಬಣ್ಣವೂ ಬಂತು, ದೆಹಲಿಯ ರಾಷ್ಟ್ರೀಯ ಕಾರ್ಯಕ್ರಮವೂ ಬಂತು. ಸಂಜೆಯ ಒಳ್ಳೆಯ ಹೊತ್ತೆಲ್ಲ ಹಿಂದಿ ಇಂಗ್ಲಿಷುಗಳ ಪಾಲಾಯಿತು. ಅನೇಕ ಊರುಗಳಲ್ಲಿ ನಿಲ್ಲಿಸಿದ ಚಿಕ್ಕ ಪ್ರಸಾರ ಗೋಪುರಗಳು ದೆಹಲಿಯದನ್ನೇ ಮತ್ತೆ ಬಿತ್ತರಿಸುತ್ತಿದ್ದವು. ಆಗ ಜನ ಕಂಡುಕೊಂಡ ಉಪಾಯವೆಂದರೆ ವಿ.ಸಿ.ಆರ್. ಬಾಡಿಗೆಗೆ ತಂದ ಈ ಯಂತ್ರದ ತಂತಿಯನ್ನು ಆಂಟೆನಾದ ಕಿಂಡಿಗೆ ಚುಚ್ಚಿದರೆ ಟಿ.ವಿ. ಅದನ್ನು ಮತ್ತೊಂದು ಪ್ರಸಾರ ನಿಲಯವೆಂದೇ ನಂಬುತ್ತಿತ್ತು. ಒಂದು ರಾತ್ರಿಯ ಬಾಡಿಗೆಗೆ ಮೂರು ಕ್ಯಾಸೆಟ್ಟು. ಜಗಲಿಯ ತುಂಬ ನೆರೆಹೊರೆಯವರು. ತೆರೆಯ ಮೇಲೆ ರಾಜಕುಮಾರ್. ದೆಹಲಿ ಕೊಡದಿದ್ದ ಕನ್ನಡವನ್ನು ಜನ ತಾವೇ ಹಿಂಬಾಗಿಲಿನಿಂದ ಕರೆತಂದರು. ಬೀಗದ ಕೈ ಆಗ ಮನೆಯ ಯಜಮಾನನ ಸೊಂಟಕ್ಕೆ ಬಂದಿತ್ತು.

ಅನಂತರದ ಕಥೆ ಎಲ್ಲರಿಗೂ ಗೊತ್ತಿರತಕ್ಕದ್ದು. ಕೇಬಲ್ಲಿನವನು ಬಂದ, ೧೯೯೫ರಲ್ಲಿ ಅವನಿಗೂ ಒಂದು ಕಾನೂನಾಯಿತು. ೨೦೦೨ರ ಡಿಸೆಂಬರಿನಲ್ಲಿ ಏಳು ಕಂಪನಿಗಳು ಸೇರಿ ಎಚ್‌ಡಿಎಂಐ ಎಂಬ ಹೊಸ ಕಿಂಡಿಯ ನಿಯಮಗಳನ್ನು ಪ್ರಕಟಿಸಿದವು. ಹತ್ತೊಂಬತ್ತು ಪಿನ್ನುಗಳ ಈ ಒಂದೇ ತಂತಿಯಲ್ಲಿ ಚಿತ್ರವೂ ಧ್ವನಿಯೂ ಕೂಡಿ ಹರಿಯುತ್ತವೆ. ಅದರ ಜೊತೆಗೇ ಒಬ್ಬ ಕಾವಲುಗಾರನೂ ಬಂದ. ಹಕ್ಕು ಕಾಯ್ದಿರಿಸಿದ ಚಲನಚಿತ್ರವಾದರೆ ತಂತಿಯ ಎರಡು ತುದಿಯ ಯಂತ್ರಗಳೂ ಗುಪ್ತವಾಗಿ ಗುರುತು ಹೇಳಿಕೊಳ್ಳಬೇಕು. ಇಲ್ಲವಾದರೆ ತೆರೆ ಕಪ್ಪಾಗಿಯೇ ಉಳಿಯುತ್ತದೆ.

ಈಗ ಸಮುದ್ರಕ್ಕೆ ಹೋಗೋಣ. ಕನಕಪುರ ರಸ್ತೆಯ ನಮ್ಮ ಜರಗನಹಳ್ಳಿ ಒಂದು ಕಾಲಕ್ಕೆ ಊರಾಚೆಯ ಹಳ್ಳಿ. ಈಗ ಮಗ್ಗುಲಲ್ಲೇ ಮೆಟ್ರೊ ರೈಲು ಓಡುತ್ತದೆ, ಬೀದಿಯ ನಿವೃತ್ತರು ವಿಹಾರದ ಹಡಗನ್ನು ಹತ್ತುತ್ತಾರೆ. ಅಂಥ ಹಿರಿಯರೊಬ್ಬರು ಮಡದಿಯೊಡನೆ ಹೋಗಿಬಂದರು. ಮೊಮ್ಮಗನ ಉಪನಯನದ ಚಿತ್ರವನ್ನು ಮೊಬೈಲಿನಲ್ಲಿ ತುಂಬಿಕೊಂಡು, ತಕ್ಕ ತಂತಿಯನ್ನೂ ಒಯ್ದಿದ್ದರು; ರಾತ್ರಿ ಕೋಣೆಯ ದೊಡ್ಡ ತೆರೆಯಲ್ಲಿ ಇಬ್ಬರೂ ನೋಡಬೇಕೆಂಬ ಆಸೆ. “ತಂತಿ ಸರಿಯಾಗಿತ್ತು ಮೇಷ್ಟ್ರೇ, ಕಿಂಡಿಯೂ ಸಿಕ್ಕಿತು. ಆದರೆ ತೆರೆ ಮೇಲೆ ಹಡಗಿನ ಜಾಹೀರಾತು ಬಂತೇ ಹೊರತು ನಮ್ಮ ಮಗು ಬರಲಿಲ್ಲ” ಎಂದರು. ರಿಮೋಟಿನಲ್ಲಿ ಕಿಂಡಿ ಬದಲಿಸುವ ಗುಂಡಿಯೇ ಇರಲಿಲ್ಲವಂತೆ.

ಇದರ ಗುಟ್ಟು ಇಷ್ಟೆ. ಹೋಟೆಲಿಗೂ ಹಡಗಿಗೂ ಮಾರುವ ಟಿ.ವಿ.ಗಳಲ್ಲಿ ಹೋಟೆಲ್ ಮೋಡ್ ಎಂಬ ಏರ್ಪಾಡು ಇರುತ್ತದೆ. ಧ್ವನಿ ಎಷ್ಟು ಏರಬಹುದು, ಹಾಕಿದೊಡನೆ ಯಾವ ವಾಹಿನಿ ಬರಬೇಕು, ಹಿಂದಿನ ಕಿಂಡಿಗಳು ಕೆಲಸ ಮಾಡಬೇಕೋ ಬೇಡವೋ ಎಂಬುದನ್ನೆಲ್ಲ ಅಲ್ಲಿ ಗೊತ್ತುಮಾಡಿ ಬೀಗ ಹಾಕಬಹುದು. ತಂತಿಯಿಲ್ಲದೆ ವೈಫೈಯಿಂದ ಕಳುಹಿಸೋಣವೆಂದರೆ ಅಲ್ಲಿಯೂ ಗೋಡೆ: ಒಬ್ಬ ಪ್ರಯಾಣಿಕನ ಯಂತ್ರ ಇನ್ನೊಂದನ್ನು ಕಾಣದಂತೆ ಜಾಲವನ್ನು ಬೇರ್ಪಡಿಸಿರುತ್ತಾರೆ.

ಹಡಗಿನವರ ಪರವಾಗಿಯೂ ನ್ಯಾಯವಾದ ಮಾತುಗಳಿವೆ. ಒಬ್ಬರು ಕಿಂಡಿ ಬದಲಿಸಿ ಹೋದರೆ ಮುಂದೆ ಬಂದವರಿಗೆ ತೆರೆ ಬರಿದಾಗಿ ಕಂಡು, ಟಿ.ವಿ. ಕೆಟ್ಟಿದೆಯೆಂದು ಆಳನ್ನು ಕರೆಯುತ್ತಾರೆ. ಗೋಡೆಗೆ ಬಿಗಿದ ಪೆಟ್ಟಿಗೆಯನ್ನು ಎಳೆದಾಡಿದರೆ ಮುರಿಯುತ್ತದೆ. ಜಾಲದಲ್ಲಿ ಗೋಡೆಯಿಲ್ಲದಿದ್ದರೆ ಪಕ್ಕದ ಕೋಣೆಯವರ ಮನೆಯ ಚಿತ್ರ ನಮ್ಮ ತೆರೆಗೆ ಬಂದರೂ ಬಂತು. ಹಡಗುಗಳೂ ಹೊಸವೇ ಆಗಿರಬೇಕೆಂದಿಲ್ಲ. ೨೦೨೧ರಿಂದ ಮುಂಬಯಿಯಿಂದ ಯಾನ ನಡೆಸಿದ ಕಾರ್ಡೀಲಿಯಾ ಸಂಸ್ಥೆಯ ಎಂಪ್ರೆಸ್ ಹಡಗು ನೀರಿಗಿಳಿದದ್ದು ೧೯೯೦ರ ಸುಮಾರಿಗೆ, ಎಂದರೆ ಎಚ್‌ಡಿಎಂಐ ಹುಟ್ಟುವುದಕ್ಕೆ ಹನ್ನೆರಡು ವರ್ಷ ಮೊದಲು. ಇವೆಲ್ಲ ಒಪ್ಪತಕ್ಕ ಕಾರಣಗಳು. ಆದರೆ ಹಣ ಕೊಟ್ಟು ನೋಡುವ ಚಿತ್ರಗಳನ್ನು ಅದೇ ತೆರೆಯ ಮೇಲೆ ಮಾರುವ ಕಡೆ ಬೀಗಕ್ಕೆ ವ್ಯಾಪಾರದ ಕಾರಣವೂ ಇರುತ್ತದೆ ಎಂಬುದನ್ನು ಮರೆಯಬೇಕಾಗಿಲ್ಲ.

ಇಂಗ್ಲಿಷಿನಲ್ಲಿ ಹಡಗು ನಿಲ್ಲುವ ಬಂದರಿಗೂ ತಂತಿ ಚುಚ್ಚುವ ಕಿಂಡಿಗೂ ಪೋರ್ಟ್ ಎಂದೇ ಹೆಸರು. ಊರೂರಿನ ಪೋರ್ಟುಗಳನ್ನು ಮುಟ್ಟಿಬರುವ ಹಡಗಿನೊಳಗೆ ಈ ಚಿಕ್ಕ ಪೋರ್ಟು ಮಾತ್ರ ಮುಚ್ಚಿರುವುದು ವಿನೋದವೇ ಸರಿ. ಆದರೆ ಈ ವಿನೋದ ಎಲ್ಲರಿಗೂ ಒಂದೇ ಸಮನಾಗಿ ತಟ್ಟುವುದಿಲ್ಲ. ಇಂಗ್ಲಿಷ್ ಬಲ್ಲವನಿಗೆ ಯಾವ ಸಮುದ್ರದಲ್ಲಿಯೂ ಪೆಟ್ಟಿಗೆಯ ಮುಖವೇ ಸಾಕು. ಅವನ ಭಾಷೆ ಅಲ್ಲಿ ಮೊದಲೇ ಕುಳಿತಿರುತ್ತದೆ. ಕನ್ನಡಿಗನ ಹಾಡು, ನಾಟಕ, ಮನೆಯ ಮದುವೆ ಮುಂಜಿ ಇವೆಲ್ಲ ಅವನ ಜೇಬಿನಲ್ಲಿ ಪ್ರಯಾಣ ಮಾಡುತ್ತವೆ. ಕಿಂಡಿ ಮುಚ್ಚಿದರೆ ಅವು ಅಂಗೈಯಗಲದ ಗಾಜಿನಲ್ಲಿಯೇ ಉಳಿಯಬೇಕು, ಒಬ್ಬರು ನೋಡುವಾಗ ಇನ್ನೊಬ್ಬರು ಕತ್ತು ಚಾಚಬೇಕು.

ಮಾಡಬಹುದಾದದ್ದು ಇಲ್ಲದಿಲ್ಲ. ಟಿಕೀಟು ಕೊಳ್ಳುವ ಮುನ್ನವೇ ಕೋಣೆಯ ಟಿ.ವಿ.ಗೆ ನಮ್ಮ ಯಂತ್ರ ಜೋಡಿಸಬಹುದೇ ಎಂದು ಕೇಳಬೇಕು. ಎಲ್ಲ ಮೊಬೈಲುಗಳೂ ತಂತಿಯ ಮೂಲಕ ಚಿತ್ರವನ್ನು ಹೊರಗೆ ಕಳುಹಿಸುವುದಿಲ್ಲ. ಅದನ್ನು ಮನೆಯಲ್ಲಿಯೇ ಪರೀಕ್ಷಿಸಿಕೊಳ್ಳಬೇಕು. ಹಡಗಿನಲ್ಲಿ ಬೀಗವನ್ನು ತಾನೇ ಬಿಚ್ಚಹೋಗದೆ ಸಿಬ್ಬಂದಿಯನ್ನು ವಿಚಾರಿಸುವುದು ಮರ್ಯಾದೆ. ಕೇಳುವವರು ಹತ್ತು ಮಂದಿಯಾದರೆ ಹೇಳುವವರೂ ಯೋಚಿಸುತ್ತಾರೆ.

ನಮ್ಮ ನಾಡಿನ ಹಳೆಯ ಛತ್ರಗಳಲ್ಲಿ ದಾರಿಹೋಕರು ತಮ್ಮ ಅಡಿಗೆಯನ್ನು ತಾವೇ ಮಾಡಿಕೊಳ್ಳುವ ಪದ್ಧತಿಯಿತ್ತು. ಸೂರು, ಬಾವಿ, ಒಲೆ ಛತ್ರದವು. ಪಾತ್ರೆ, ಅಕ್ಕಿ, ಕೈರುಚಿ ಬಂದವರದು. ಒಲೆ ಕೆಡದಂತೆ ನಿಯಮ ಮಾಡುವ ಅಧಿಕಾರ ಛತ್ರದವರಿಗೆ ಇದ್ದೇ ಇತ್ತು. ಆದರೆ ಒಲೆಯ ಮೇಲೆ ನಮ್ಮ ಪಾತ್ರೆಯನ್ನೇ ಇಡಕೂಡದೆಂದರೆ ಅದು ಛತ್ರವಾಗಿ ಉಳಿಯುತ್ತಿರಲಿಲ್ಲ, ಊಟದ ಅಂಗಡಿಯಾಗುತ್ತಿತ್ತು.