ದುಡ್ಡಿನ ಲೆಕ್ಕ ಬೇರೆ, ರಿಜಿಸ್ಟರ್ ಲೆಕ್ಕ ಬೇರೆ

1956ರ ತನಕ ನಮ್ಮ ಧಾರವಾಡ ಜಿಲ್ಲೆ ಮುಂಬೈ ರಾಜ್ಯದಾಗ ಇತ್ತು, ಗೊತ್ತಲ್ಲ? ಆಗ ಹುಬ್ಬಳ್ಳಿ ಡಾಕ್ಟರಿಗೂ ಪುಣೆ ಡಾಕ್ಟರಿಗೂ ಒಂದೇ ಕಾನೂನು: 1912ರ ಬಾಂಬೆ ಮೆಡಿಕಲ್ ಆಕ್ಟ್.

1953ರ ಮೇ. ಪಾಲ್ಶೇತ್ ಬೀಚ್‌ನಲ್ಲಿ ಒಬ್ಬ ಹುಡುಗನ ತೊಡೆಮೂಳೆ ಮುರಿಯಿತು. ವಯಸ್ಸು ಸುಮಾರು 20. ನನ್ನಷ್ಟೇ. ಪುಣೆಯ ಸರ್ಜನ್ ಹತ್ರ ಕರ್ಕೊಂಡು ಹೋದ್ರು. ಅವತ್ತೇ ರಾತ್ರಿ ಹುಡುಗ ತೀರಿಕೊಂಡ. ಅವನ ಅಪ್ಪನೂ ಡಾಕ್ಟರೇ, ಸುಮ್ಮನೆ ಕೂರಲಿಲ್ಲ. ಸರಿಯಾಗಿ ಅರಿವಳಿಕೆ ಕೊಡದೆ, ಅತಿಯಾಗಿ ಬಲ ಹಾಕಿ ಮೂಳೆ ಕೂಡಿಸಿದ್ದರಿಂದ ಆದ ಶಾಕ್‌ನಿಂದಲೇ ಸಾವು ಅಂತ ಕೋರ್ಟುಗಳು ಒಪ್ಪಿದವು. 1968ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು (ಜೋಶಿ ವರ್ಸಸ್ ಗೋಡ್ಬೋಲೆ). 15 ವರ್ಷ. ಪರಿಹಾರ 3,000 ರೂಪಾಯಿ.

ನಾನು ಬಿಕಾಂ, ಲೆಕ್ಕ ನೋಡೋದು ಅಭ್ಯಾಸ. ಕೋರ್ಟಿನ ಪರಿಹಾರ ಆಗಿಹೋದ ನಷ್ಟಕ್ಕೆ. ಆದ್ರ ಆ ಡಾಕ್ಟರ್ ಮುಂದೆ ಪ್ರಾಕ್ಟೀಸ್ ಮಾಡಬಹುದಾ? ಅದನ್ನ ವಿಚಾರಿಸೋದು ಮೆಡಿಕಲ್ ಕೌನ್ಸಿಲ್. ನಮಗೀಗ 1961ರ ಕಾಯ್ದೆಯ ಕರ್ನಾಟಕ ಮೆಡಿಕಲ್ ಕೌನ್ಸಿಲ್, ಬೆಂಗಳೂರಿನಾಗ ಐತಿ. ದೂರು ಕೊಟ್ಟರೆ ಎರಡೂ ಕಡೆಯವರ ಮಾತು ಕೇಳಿ, ತಪ್ಪು ಕಂಡ್ರೆ ಎಚ್ಚರಿಕೆ ಕೊಡಬಹುದು, ರಿಜಿಸ್ಟರ್‌ನಿಂದ ಹೆಸರೇ ತೆಗೀಬಹುದು. ಒಂದು ರೂಪಾಯಿ ಪರಿಹಾರ ಮಾತ್ರ ಕೊಡಿಸೋದಿಲ್ಲ.

ಕೋರ್ಟ್ ಹೋದವರ ಮನೆಯವರಿಗೆ. ಕೌನ್ಸಿಲ್ ನಾಳೆ ಅದೇ ಟೇಬಲ್ ಮೇಲೆ ಮಲಗೋರಿಗೆ. ಎರಡೂ ಬಾಗಿಲು ಗೊತ್ತಿರಲಿ. ಸೇವ್ ಮಾಡಿಕೊಳ್ರಿ.

#ನಮ್ಮಇತಿಹಾಸ #ಹುಬ್ಬಳ್ಳಿಧಾರವಾಡ