ಮೆಸ್ಕಾಲಿನ ರುಚಿಭೇದವೂ ಭಟ್ಟಿಯ ಚರಿತ್ರೆಯೂ

ನಮ್ಮ ಹೊಲಗಳ ಬದುಗಳಲ್ಲಿ ಬೇಲಿಯಾಗಿಯೂ ಹಗ್ಗದ ನಾರಾಗಿಯೂ ಪರಿಚಿತವಾಗಿರುವ ಕತ್ತಾಳೆಯು ಅಮೆರಿಕ ಖಂಡದಿಂದ ಬಂದ ಸಸ್ಯ. ಮೆಕ್ಸಿಕೋ ದೇಶದಲ್ಲಿ ಇದೇ ಕುಲದ ಗಿಡಗಳ ಗಡ್ಡೆಯನ್ನು ಸುಟ್ಟು, ಜಜ್ಜಿ, ಹುದುಗು ಬರಿಸಿ, ಭಟ್ಟಿಯಿಳಿಸಿದ ಮದ್ಯಕ್ಕೆ ಮೆಸ್ಕಾಲ್ ಎಂದು ಹೆಸರು. ನಾವಾತ್ಲ್ ಭಾಷೆಯ ಮೂಲಪದಕ್ಕೆ ಬೇಯಿಸಿದ ಕತ್ತಾಳೆ ಎಂದಷ್ಟೇ ಅರ್ಥ. ಮದ್ಯದ ಸೂಚನೆ ಅದರಲ್ಲಿಲ್ಲ. ಸ್ಪೇನಿನವರು ಬರುವ ಮೊದಲೇ ಅಲ್ಲಿಯ ಜನ ಕತ್ತಾಳೆಯನ್ನು ಬೇಯಿಸಿ ತಿನ್ನುತ್ತಿದ್ದರು. ಅದರ ರಸದಿಂದ ನಮ್ಮ ಹೆಂಡವನ್ನು ಹೋಲುವ ಪುಲ್ಕೆಯನ್ನು ಮಾಡಿ ಕುಡಿಯುತ್ತಿದ್ದರು. ಭಟ್ಟಿಯ ವಿದ್ಯೆ ಎಲ್ಲಿಂದ ಬಂದಿತೆಂಬುದೇ ವಿವಾದದ ವಿಷಯ.

ಅರಬರಿಂದ ಸ್ಪೇನಿನವರು ಕಲಿತ ತಾಮ್ರದ ಭಟ್ಟಿಯೇ ಇದಕ್ಕೆ ಮೂಲವೆಂಬುದು ಹಳೆಯ ಮತ. 1565ರಿಂದ ಮನಿಲಾ ಹಡಗುಗಳಲ್ಲಿ ಬಂದ ಫಿಲಿಪೀನರು ಕೊಲಿಮಾ ಪ್ರಾಂತದಲ್ಲಿ ತೆಂಗಿನ ಕಳ್ಳನ್ನು ಭಟ್ಟಿಯಿಳಿಸುತ್ತಿದ್ದರೆಂಬುದು ಇನ್ನೊಂದು ಮತಕ್ಕೆ ಆಧಾರ. ವಿಚೋಲ್ ಜನರ ಭಟ್ಟಿ ಏಷ್ಯದ ಮಾದರಿಯದೆಂದು ಹೆನ್ರಿ ಬ್ರೂಮನ್ 1944ರಲ್ಲಿ ವಾದಿಸಿದನು. ಕೊಲಿಮಾದ ಪ್ರಾಚೀನ ಕಪಾಚಾ ಮಡಕೆಗಳ ಪ್ರತಿಕೃತಿಗಳಲ್ಲಿ ಭಟ್ಟಿಯಿಳಿಸಿ ತೋರಿಸಿ, ಈ ವಿದ್ಯೆ ದೇಶೀಯವೇ ಇರಬಹುದೆಂದು 2009ರಲ್ಲಿ ಕೆಲವರು ಸೂಚಿಸಿದರು. ಒಂದು ಪಾತ್ರೆಯಲ್ಲಿ ಭಟ್ಟಿಯಿಳಿಸಬಹುದೆಂದ ಮಾತ್ರಕ್ಕೆ ಹಿಂದೆ ಇಳಿಸುತ್ತಿದ್ದರೆಂದು ಸಿದ್ಧವಾಗದು.

ಇಂತಹ ಚರ್ಚೆಯಲ್ಲಿ ರುಚಿಯನ್ನು ಆಕರವೆನ್ನಲು ಪಂಡಿತರು ಸಂಕೋಚಪಡಬಹುದು. ಆದರೆ ಮಡಕೆಯ ಚೂರನ್ನು ಒಪ್ಪುವವರು ಮಡಕೆಯಿಂದ ಇಳಿದುದನ್ನು ಏಕೆ ತಳ್ಳಿಹಾಕಬೇಕು? ವಾಹಾಕಾ ರಾಜ್ಯದ ಸಾಂತಿಯಾಗೋ ಮಟಟ್ಲಾನ್ ಊರಿನಲ್ಲಿ ತಾಮ್ರದ ಭಟ್ಟಿಯೂ, ಸಾಂತಾ ಕಟರೀನಾ ಮೀನಾಸಿನಲ್ಲಿ ಮಣ್ಣಿನ ಭಟ್ಟಿಯೂ ರೂಢಿಯಲ್ಲಿವೆ. ಮಣ್ಣಿನ ಭಟ್ಟಿಯಲ್ಲಿ ಮಡಕೆಯ ಮೇಲೆ ತಳವಿಲ್ಲದ ಮಡಕೆ, ಅದರ ಮೇಲೆ ತಣ್ಣೀರಿನ ಬೋಗುಣಿ. ಬೋಗುಣಿಯ ಅಡಿಯಲ್ಲಿ ಹನಿಗೂಡಿದ ಆವಿ ಒಳಗಿನ ಸೌಟಿನಂತಹ ತಟ್ಟೆಗೆ ಬಿದ್ದು ಕೊಳವೆಯಿಂದ ಹೊರಬರುತ್ತದೆ. ಇದು ಬ್ರೂಮನ್ ಹೇಳಿದ ಏಷ್ಯದ ಮಾದರಿಗೆ ಬಹು ಸಮೀಪದ್ದು. ತಾಮ್ರದಿಂದ ಇಳಿದುದು ಸ್ವಚ್ಛವೂ ತೀಕ್ಷ್ಣವೂ ಆಗಿರುವುದೆಂದೂ, ಮಣ್ಣಿನಿಂದ ಇಳಿದುದು ಮೃದುವಾಗಿ ಮಣ್ಣಿನ ವಾಸನೆಯಿಂದ ಕೂಡಿರುವುದೆಂದೂ ಬಲ್ಲವರು ಹೇಳುತ್ತಾರೆ.

ಈ ಹೋಲಿಕೆಯಲ್ಲಿ ಗಿಡ ಒಂದೇ ಆಗಿರಬೇಕು. ಆರೆಂಟು ವರ್ಷಗಳಲ್ಲಿ ಬಲಿಯುವ ಎಸ್ಪಾದಿನ್ ಗಿಡದ ಮದ್ಯವನ್ನು, ಎರಡು ದಶಕಗಳನ್ನೂ ತೆಗೆದುಕೊಳ್ಳಬಹುದಾದ ಕಾಡು ತೆಪೆಸ್ತಾತೆಯ ಮದ್ಯದೊಡನೆ ಹೋಲಿಸಿದರೆ ತಿಳಿಯುವುದು ಗಿಡದ ಭೇದವೇ ಹೊರತು ಭಟ್ಟಿಯದಲ್ಲ. ಹೊಗೆಯ ವಾಸನೆಯಂತೂ ಕಾಯಿಸಿದ ಕಲ್ಲಿನ ಕುಳಿಯಲ್ಲಿ ಗಡ್ಡೆಯನ್ನು ಹೂತು ಸುಡುವುದರಿಂದ ಬಂದುದು. ಅದನ್ನೇ ಪ್ರಾಚೀನತೆಯ ಲಕ್ಷಣವೆಂದು ಭಟ್ಟಿಗೆ ಆರೋಪಿಸುವುದು ತಪ್ಪು. ಗಡ್ಡೆಯನ್ನು ಸಾಮಾನ್ಯವಾಗಿ ಹಬೆಯಲ್ಲಿ ಬೇಯಿಸುವ ಟಕೀಲಾದಲ್ಲಿ ಆ ವಾಸನೆಯಿಲ್ಲ.

2016ರ ಸರ್ಕಾರಿ ನಿಯಮವು ಮಣ್ಣಿನ ಭಟ್ಟಿಯ ಮದ್ಯಕ್ಕೆ 'ಪೂರ್ವಜರ ಮೆಸ್ಕಾಲ್' ಎಂಬ ದರ್ಜೆಯನ್ನು ಕೊಟ್ಟಿತು. ವಿದ್ವಾಂಸರು ಇನ್ನೂ ಇತ್ಯರ್ಥಗೊಳಿಸದ ಪ್ರಶ್ನೆಯನ್ನು ಹಣೆಚೀಟಿ ಇತ್ಯರ್ಥಗೊಳಿಸಿದಂತಾಯಿತು. ಆ ಪೂರ್ವಜರು ಮನಿಲಾದಿಂದ ಬಂದವರೂ ಆಗಿದ್ದಿರಬಹುದು. ಇದಕ್ಕಿಂತ ಕಠಿನವಾದುದು 1994ರ ಘೋಷಣೆ. ಮೆಸ್ಕಾಲ್ ಎಂಬ ಹೆಸರಿನ ಹಕ್ಕನ್ನು ಅದು ಮೊದಲಿಗೆ ವಾಹಾಕಾ, ಗೆರೇರೋ, ದುರಾಂಗೋ, ಸಾನ್ ಲೂಯಿಸ್ ಪೊತೊಸಿ, ಸಕಟೇಕಸ್ ಎಂಬ ಐದು ರಾಜ್ಯಗಳಿಗೆ ಮಾತ್ರ ಕೊಟ್ಟಿತು. ಭಟ್ಟಿಯ ಮೂಲವನ್ನು ಕುರಿತ ವಾದಗಳಲ್ಲಿ ಎರಡು ಬೊಟ್ಟುಮಾಡುವ ಕೊಲಿಮಾ ಆ ಪಟ್ಟಿಯಲ್ಲಿರಲಿಲ್ಲ. ಹಾಗೆ ಹೊರಗುಳಿದ ಪ್ರಾಂತಗಳ ತಯಾರಕರು ತಮ್ಮ ಅಜ್ಜಂದಿರು ಮೆಸ್ಕಾಲ್ ಎಂದೇ ಕರೆಯುತ್ತಿದ್ದುದನ್ನು 'ಕತ್ತಾಳೆಯ ಭಟ್ಟಿ' ಎಂಬ ಹೆಸರಿನಲ್ಲಿ ಮಾರಬೇಕಾಯಿತು.