ಹೇಳಿ ಹೊಡಿಯೋ ಆಟ

ಅಕ್ಕಂದಿರಾ, ಅತ್ತಿಗೆಯರಾ, ಈ ಸಲ ಅಡಿಗೆಮನೆ ಬಿಟ್ಟು ಆಟದ ಮನೆ ಕಡೆ ಹೋಗಾಣ. ನಮ್ಮ ಪರಶುರಾಂಪುರದಿಂದ ಬೆಂಗಳೂರು ಸೇರಿರೋ ಮಕ್ಕಳ ಅಪಾರ್ಟ್‌ಮೆಂಟಿಗೆ ಹೋಗಿ ಬಂದೋರೆಲ್ಲ ಕೆಳಗಡೆ ಕ್ಲಬ್ ಹೌಸಿನಾಗೆ ಹಸಿರು ಬಟ್ಟೆ ಹಾಸಿರೋ ದೊಡ್ಡ ಮೇಜು ನೋಡಿರ್ತೀರಿ. ಉದ್ದನೆ ಕೋಲು ಹಿಡ್ಕಂಡು ಹುಡುಗ್ರು ಬಗ್ಗಿ ಬಗ್ಗಿ ಬಣ್ಣದ ಬಾಲ್ ಹೊಡೀತಿರ್ತಾರೆ. ಅದಕ್ಕೆ ಪೂಲ್ ಅಂತಾರೆ. ಮೇಜಿಗೆ ಆರು ತೂತು, ಅದಕ್ಕೆ ಪಾಕೆಟ್ ಅನ್ನೋದು. ಈ ಆಟದಾಗೆ ಒಂದು ನಿಯಮ ಐತೆ. ಯಾವ ಬಾಲು, ಯಾವ ಪಾಕೆಟ್ಟಿಗೆ ಅಂತ ಮೊದ್ಲು ಹೇಳಿ ಆಮೇಲೆ ಹೊಡೀಬೇಕು. ಹಂಗೆ ಹೇಳೋದಕ್ಕೆ ಕಾಲ್ ಶಾಟ್ ಅಂತಾರೆ. ಈ ನಿಯಮದ ಹಿಂದಿರೋ ಕಥೆ ನಮ್ಮಂಥ ಹೆಣ್ಮಕ್ಕಳಿಗೂ ಬೇಕಾದ್ದೇ ಅನ್ನಿಸ್ತು, ಅದಕ್ಕೇ ಬರೀತಿದೀನಿ.

ಹೇಳಿ ಹೊಡಿಯೋದು ನಮಗೇನೂ ಹೊಸದಲ್ಲ. ಬೀದಿನಾಗೆ ಗೋಲಿ ಆಡುವಾಗ ಎದುರಿನೋರು "ಆ ಗೋಲಿ" ಅಂತ ಬೆರಳು ಮಾಡಿ ತೋರಿಸ್ತಿದ್ರು. ಅದಕ್ಕೇ ಹೊಡೀಬೇಕು, ಬೇರೆದಕ್ಕೆ ತಗಲಿದ್ರೆ ಆಟ ಹೋಯ್ತು. ಅಲ್ಲಿ ಹೇಳೋರು ಎದುರಾಳಿ. ಪೂಲಿನಾಗೆ ಹೊಡೆಯೋರೇ ತಮ್ಮ ಬಾಯಿಂದ ಹೇಳ್ಬೇಕು, ಅಷ್ಟೇ ವ್ಯತ್ಯಾಸ. ಮನೆ ಕೇರಂ ಬೋರ್ಡಿನಾಗೆ ಮಾತ್ರ ಇದ್ಯಾವುದೂ ಇಲ್ಲ. ಒಂದಕ್ಕೆ ಗುರಿ ಇಟ್ಟು ಇನ್ನೊಂದು ಬಿದ್ರೂ ನಮ್ಮ ಬಣ್ಣದ್ದಾದ್ರೆ ನಮಗೇ.

ಅಮೆರಿಕದಾಗೆ ಪೂಲ್ ಆಟ ಹಬ್ಬಿದಾಗ ಕಷ್ಟ ಬಂದಿದ್ದು ಇಲ್ಲೇ. ಮೇಜಿನ ಮ್ಯಾಲೆ 15 ಬಾಲು, ಆರು ಪಾಕೆಟ್ಟು. ಜೋರಾಗಿ ಒಂದು ಏಟು ಹೊಡೆದು ದೇವರ ಮ್ಯಾಲೆ ಭಾರ ಹಾಕಿದ್ರೆ ಯಾವುದೋ ಒಂದು ಎಲ್ಲೋ ಒಂದು ಕಡೆ ಬೀಳ್ತದೆ. ಕಲಿತು ಹೊಡೆದೋನಿಗೂ ಅಂಕ, ಕಣ್ಣು ಮುಚ್ಚಿ ಹೊಡೆದೋನಿಗೂ ಅಂಕ ಅಂದ್ರೆ ಕಲಿಯೋದಕ್ಕೆ ಬೆಲೆ ಏನು? 1910ರ ಹೊತ್ತಿಗೆ ಜೆರೋಮ್ ಕಿಯೋ ಅನ್ನೋ ಆಟಗಾರ ಒಂದು ಆಟ ರೂಢಿಗೆ ತಂದ. 14 ಬಾಲು ಹಾಕಿ ಮುಗಿಸಿದ ಮ್ಯಾಲೆ ಕೊನೇದೊಂದನ್ನ ಹಂಗೇ ಬಿಟ್ಟು, ಮಿಕ್ಕ 14ನ್ನ ಮತ್ತೆ ಜೋಡಿಸಿ ಆಟ ಮುಂದುವರಿಸೋದು. ಅದಕ್ಕೇ ಅದರ ಹೆಸರು ಫೋರ್ಟೀನ್ ಪಾಯಿಂಟ್ ಒನ್. ಯಾವ ಬಾಲಾದ್ರೂ ಹೊಡಿ, ಆದ್ರೆ ಯಾವುದು, ಎಲ್ಲಿಗೆ ಅನ್ನೋದನ್ನ ಹೇಳಿ ಹೊಡಿ. ಬಿದ್ರೆ ಒಂದು ಅಂಕ. ಬಹಳ ವರ್ಷ ಅಮೆರಿಕದ ಚಾಂಪಿಯನ್ನರು ಯಾರು ಅಂತ ನಿರ್ಧಾರ ಆಗ್ತಿದ್ದುದು ಈ ಆಟದಾಗೇ. 1954ರ ಮಾರ್ಚಿನಾಗೆ ವಿಲ್ಲಿ ಮಾಸ್ಕೋನಿ ಅನ್ನೋರು ಒಹಾಯೋ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಾಗೆ ಒಂದೂ ತಪ್ಪದಂಗೆ 526 ಬಾಲ್ ಹಾಕಿದ್ರು. ಪ್ರತಿ ಏಟೂ ಹೇಳಿ ಹೊಡೆದದ್ದು ಅನ್ನೋದಕ್ಕೇ ಆ 526ಕ್ಕೆ ಅಷ್ಟು ಮರ್ಯಾದೆ.

ನಮ್ಮ ದೇಶದಾಗೂ ಇದರ ನೆಂಟಸ್ತಿಕೆ ಹಳೇದೇ. 1875ರಾಗೆ ಜಬಲ್ಪುರದ ದಂಡಿನಾಗಿದ್ದ ನೆವಿಲ್ ಚೇಂಬರ್ಲೇನ್ ಅನ್ನೋ ಇಂಗ್ಲೀಷ್ ಅಧಿಕಾರಿ, ಬಿಲಿಯರ್ಡ್ಸ್ ಮೇಜಿನ ಮ್ಯಾಲೆ ಕೆಂಪು ಬಾಲುಗಳ ಜೊತೆ ಬೇರೆ ಬಣ್ಣ ಸೇರಿಸಿ ಸ್ನೂಕರ್ ಶುರು ಮಾಡಿದ ಅಂತಾರೆ. ಆಮೇಲೆ ಅದರ ನಿಯಮ ಒಂದು ರೂಪಕ್ಕೆ ಬಂದಿದ್ದು ನಮ್ಮ ಮೈಸೂರು ಸೀಮೆ ಪಕ್ಕದ ಊಟಿ ಕ್ಲಬ್ಬಿನಾಗೆ. ನಾವು ಟೂರಿಗೆ ಹೋಗಿ ಗುಲಾಬಿ ತೋಟ, ಬೋಟು ನೋಡ್ಕಂಡು ಬರ್ತೀವಲ್ಲ, ಅದೇ ಊಟಿ. ಸ್ನೂಕರಿನಾಗೆ ಕೆಂಪು ಹಾಕಿದ ಮ್ಯಾಲೆ ಮುಂದೆ ಯಾವ ಬಣ್ಣ ಅಂತ ಹೇಳ್ಬೇಕು. ನೋಡಿದ್ರೇ ಗೊತ್ತಾಗಂಗಿದ್ರೆ ಸುಮ್ಮನಿರಬೋದು. ಆದ್ರೆ ಯಾವ ಪಾಕೆಟ್ಟು ಅಂತ ಹೇಳೋ ಹಂಗಿಲ್ಲ, ಎಲ್ಲಿ ಬಿದ್ರೂ ನಡೀತದೆ. ಅಂದ್ರೆ ಪೂಲಿನಾಗೆ ಎರಡು ಮಾತು, ಸ್ನೂಕರಿನಾಗೆ ಒಂದೇ ಮಾತು. ಮೂರೇ ಬಾಲಿನ ಬಿಲಿಯರ್ಡ್ಸಿನಾಗೆ ಹೇಳೋದೇ ಇಲ್ಲ.

ಈ ಕೋಲಿನ ಆಟದಾಗೆ ನಮ್ಮ ಕರ್ನಾಟಕದೋರು ಹಿಂದೆ ಬಿದ್ದಿಲ್ಲ. ಬೆಂಗಳೂರಿನಾಗೆ ಬೆಳೆದ ಪಂಕಜ್ ಅಡ್ವಾಣಿ, ಅರವಿಂದ್ ಸವೂರ್ ಅವರ ಹತ್ರ ಕಲಿತು, 2003ರಾಗೆ ಚೀನಾದಾಗೆ ವಿಶ್ವ ಸ್ನೂಕರ್ ಗೆದ್ರು. 2024ರ ಹೊತ್ತಿಗೆ ಬಿಲಿಯರ್ಡ್ಸು, ಸ್ನೂಕರು ಎಲ್ಲಾ ಸೇರಿ 28 ವಿಶ್ವ ಪ್ರಶಸ್ತಿ. ಹೆಣ್ಮಕ್ಕಳಾಗೆ ಚಿತ್ರಾ ಮಗಿಮೈರಾಜ್ 2006, 2007 ಎರಡು ಸಲ ವಿಶ್ವ ಬಿಲಿಯರ್ಡ್ಸ್ ಗೆದ್ದೋರು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಉಮಾದೇವಿ ನಾಗರಾಜ್ ಅವರ ಕಥೆ. ಸರ್ಕಾರದ ತೋಟಗಾರಿಕೆ ಇಲಾಖೆಯಾಗೆ ಟೈಪಿಸ್ಟ್ ಕೆಲಸ. ಸಂಜೆ ಸಚಿವಾಲಯದ ಕ್ಲಬ್ಬಿಗೆ ಟೇಬಲ್ ಟೆನಿಸ್ ಆಡಕ್ಕೆ ಹೋಗ್ತಿದ್ರಂತೆ. ಅಲ್ಲಿ ಜಾಗ ಸಿಗದೆ ಕಾಯೋ ಹೊತ್ತಿನಾಗೆ ಪಕ್ಕದ ಬಿಲಿಯರ್ಡ್ಸ್ ಮೇಜಿನ ಕಡೆ ಹೋದೋರು ಅಲ್ಲೇ ನಿಂತ್ರು. ಆಗ ಅವರಿಗೆ ಹೆಚ್ಚುಕಮ್ಮಿ ಮೂವತ್ತು ವರ್ಷ. 2012ರಾಗೆ ಇಂಗ್ಲೆಂಡಿನಾಗೆ ವಿಶ್ವ ಚಾಂಪಿಯನ್ ಆದ್ರು. ಮೂವತ್ತಾದ ಮ್ಯಾಲೆ ಹೆಂಗಸಿಗೆ ಆಟ ಯಾಕೆ ಅನ್ನೋ ಬಾಯಿಗಳು ಎಲ್ಲಾ ಊರಿನಾಗೂ ಇರ್ತವೆ. ಅಂಥೋರ ಮುಂದೆ ಈ ಹೆಸರು ಹೇಳಿ.

ಈಗ ಕ್ಲಬ್ ಹೌಸಿನ ಮೇಜಿಗೆ ಬರಾಣ. ಅಲ್ಲಿ ಮಕ್ಕಳು ಹೆಚ್ಚಾಗಿ ಆಡೋದು ಎಂಟು ಬಾಲಿನ ಆಟ. ಒಬ್ಬರಿಗೆ 1ರಿಂದ 7, ಪೂರ್ತಿ ಬಣ್ಣದವು. ಇನ್ನೊಬ್ಬರಿಗೆ 9ರಿಂದ 15, ಪಟ್ಟೆ ಇರೋವು. ತಮ್ಮವು ಏಳೂ ಹಾಕಿದ ಮ್ಯಾಲೆ ಕರೀ 8 ಹಾಕಿದೋರು ಗೆದ್ದಂಗೆ. ಶುರುವಿನ ಚದುರಿಸೋ ಏಟಿಗೆ ಏನೂ ಹೇಳಂಗಿಲ್ಲ. ಆಮೇಲೆ ಪ್ರತಿ ಏಟಿಗೂ ಒಂದು ಬಾಲು, ಒಂದು ಪಾಕೆಟ್ಟು. ಎದುರಿಗೇ ನೆಟ್ಟಗೆ ಕಾಣೋದಾದ್ರೆ ಹೇಳ್ಬೇಕಿಲ್ಲ. ಗೋಡೆಗೆ ತಗಲಿ ಬರೋದು, ಒಂದಕ್ಕೆ ಹೊಡೆದು ಇನ್ನೊಂದು ಬೀಳಿಸೋದು ಇಂಥವನ್ನ ಹೇಳ್ಲೇಬೇಕು. ಅನುಮಾನ ಬಂದ್ರೆ ಎದುರಾಳಿ ಕೇಳಬೋದು. ಬಾಲು ಯಾವ ದಾರಿನಾಗೆ ಹೋಗ್ತದೆ, ಎಷ್ಟು ಗೋಡೆ ತಗಲ್ತದೆ ಅನ್ನೋದನ್ನೆಲ್ಲ ಹೇಳೋದು ಬ್ಯಾಡ. ಹೇಳಿದ್ದು ಬೀಳದೆ ನಮ್ಮದೇ ಬೇರೊಂದು ಬಿದ್ರೆ ಅದು ಕೆಳಗೇ ಇರ್ತದೆ, ಆದ್ರೆ ಸರದಿ ಎದುರಿನೋರಿಗೆ. ಹಾಕೋ ದಾರಿ ಇಲ್ಲ ಅಂದ್ರೆ "ಸೇಫ್ಟಿ" ಅಂತ ಹೇಳಿ, ಎದುರಿನೋರಿಗೆ ಕಷ್ಟ ಆಗಂಗೆ ಬಾಲ್ ನಿಲ್ಲಿಸಿ ಸರದಿ ಬಿಡಬೋದು. ಅದೂ ಹೇಳೇ ಮಾಡ್ಬೇಕು. ಒಂಬತ್ತು ಬಾಲಿನ ಆಟದಾಗೆ ಈ ಹೇಳೋದು ಇಲ್ಲ, ಹತ್ತು ಬಾಲಿನ ಆಟದಾಗೆ ಐತೆ.

ಎಲ್ಲಕ್ಕಿಂತ ಗಟ್ಟಿ ನಿಯಮ ಕರೀ ಬಾಲಿಂದು. 8ನ್ನ ಹೇಳಿದ ಪಾಕೆಟ್ಟಿಗೆ ಬಿಟ್ಟು ಬೇರೆ ಪಾಕೆಟ್ಟಿಗೆ ಹಾಕಿದೋರು ಆಟವನ್ನೇ ಸೋಲ್ತಾರೆ.

ಹೋದ ಬ್ಯಾಸಿಗೆ ರಜೆನಾಗೆ ನಮ್ಮ ಸಂಬಂಧಿಕರ ಮನೆ ಮಕ್ಕಳು ಆಡ್ತಿದ್ರು. ಹತ್ತು ವರ್ಷದ ಹುಡುಗಿ, ಹದಿನೈದರ ಹುಡುಗ. ಹುಡುಗ ಮೂಲೆ ಪಾಕೆಟ್ ತೋರಿಸಿ ಕರೀದನ್ನ ಹೊಡೆದ, ಅದು ಸುತ್ತಿ ಬಂದು ಮಧ್ಯದ ಪಾಕೆಟ್ಟಿಗೆ ಬಿತ್ತು. "ಗೆದ್ದೆ" ಅಂತ ಕೂಗಿದ. ಹುಡುಗಿ "ನೀನು ಹೇಳಿದ್ದು ಅದಲ್ಲ" ಅಂದ್ಲು. ದೊಡ್ಡೋರು "ಬಿದ್ದದ್ದು ಬಿತ್ತು, ಬಿಡಮ್ಮ, ಸಣ್ಣ ವಿಷಯ" ಅಂದ್ರು. ಆ ಮಗು ಮೂಲೇಲಿ ಹೋಗಿ ಕೂತ್ಕಂಡು ಅತ್ತಳು. ನಾನು ಹುಡುಗನ ಫೋನಿನಾಗೇ ನಿಯಮ ತೆಗೆಸಿ ಅವನ ಕೈಲೇ ಓದಿಸಿದೆ. ಗೆದ್ದೋಳು ಅವಳು. ಹುಡುಗ ತಲೆ ಕೆರ್ಕಂಡು ಕೋಲು ಅವಳ ಕೈಗೆ ಕೊಟ್ಟು "ಮುಂದಿನ ಆಟ ನೀನೇ ಶುರು ಮಾಡು" ಅಂದ.

ಸಣ್ಣ ವಿಷಯ ಅಂತ ನನಗೆ ಅನ್ನಿಸಲಿಲ್ಲ. ಮಾತು ಮೊದಲೇ ಆಗಿರದಿದ್ರೆ, ಆದ ಮ್ಯಾಲೆ "ನಾನು ಅದನ್ನೇ ಅಂದ್ಕಂಡಿದ್ದೆ" ಅಂತ ಯಾರು ಬೇಕಾದ್ರೂ ಹೇಳಬೋದು. ಆಗ ಗೆಲ್ಲೋದು ಜೋರು ಬಾಯಿ, ದೊಡ್ಡ ವಯಸ್ಸು. ಮನೆಗಳಾಗೆ ಹೆಣ್ಮಕ್ಕಳ ಪಾಲಿಗೆ ಎಷ್ಟೋ ಸಲ ಆಗೋದು ಇದೇ ಅಲ್ವಾ? ಮೊದ್ಲು ಹೇಳಿದ್ದು ಒಂದು, ಕೊನೆಗೆ ಆಗಿದ್ದು ಒಂದು, ಕೇಳಿದ್ರೆ "ಬಿಡಮ್ಮ" ಅನ್ನೋ ಸಮಾಧಾನ. ಮೊದಲೇ ಹೇಳಿಸೋ ನಿಯಮ ಸಣ್ಣ ದನಿಯೋರಿಗೆ ಒಂದು ಆಸರೆ.

ಅದಕ್ಕೇ ನನ್ನದೊಂದು ಮಾತು. ಮುಂದಿನ ರಜೆಗೆ ಮಕ್ಕಳ ಮನೆಗೆ ಹೋದಾಗ ಆ ಮೇಜಿನ ಹತ್ರ ಹೋಗಿ ನಿಂತ್ಕಳಿ. ಆಟ ಶುರುವಾಗೋ ಮುಂಚೆ "ಹೇಳಿ ಹೊಡಿಯೋದಾ, ಬಿದ್ದದ್ದೆಲ್ಲ ಲೆಕ್ಕವಾ?" ಅಂತ ಕೇಳಿ ಒಪ್ಪಿಸಿಬಿಡಿ. ಒಪ್ಪಿದ ಮ್ಯಾಲೆ ಹುಡುಗಿಯರಿಗೂ ಒಂದು ಕೋಲು ಕೊಡಿಸಿ. ಆಮೇಲೆ ಕಾಫಿ ಕುಡೀತಾ ನೋಡ್ತಾ ಕೂತ್ಕಳಿ.